ಪ್ರೂಡೆಂಟ್ ಮಂದಿಯ ಎಮ್ಮೆ

ಚಿಕ್ಕೋಡಿಯಲ್ಲಿ ನೀರೆತ್ತುವ ಪಂಪು ಮಾರುವ ಅಂಗಡಿಯೊಂದರ ಮಾಳಿಗೆಯ ಮೇಲೆ ಒಂದು ಉದ್ದನೆಯ ಕೋಣೆಯಿದೆ. ಅಲ್ಲಿ ನಾನು ಪರೀಕ್ಷೆಗೆ ಕೂರುವವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಬ್ಯಾಂಕಿನ ಪರೀಕ್ಷೆಯಿರಲಿ, ಪೊಲೀಸ್ ಪರೀಕ್ಷೆಯಿರಲಿ, ಪದಗಳ ಅರ್ಥ ಕೇಳದೆ ಅವರು ಯಾರನ್ನೂ ಒಳಗೆ ಬಿಡುವುದಿಲ್ಲ. ನಮ್ಮ ಪುಸ್ತಕದಲ್ಲಿ ಪದಗಳನ್ನು ಮೇವಿನ ಪೆಂಡಿಯ ಹಾಗೆ ಜಾತಿವಾರು ಕಟ್ಟಿಟ್ಟಿದ್ದಾರೆ. ಸಿಟ್ಟಿನವು ಒಂದು ಕಡೆ, ಅಂಜಿಕೆಯವು ಒಂದು ಕಡೆ, ಜಿಪುಣತನದವು ಇನ್ನೊಂದು ಕಡೆ. ಆ ದಿನಗಳಲ್ಲಿ ಜಾಣ ತೀರ್ಮಾನದ ಪದಗಳ ಸರದಿ ಬಂದಿತ್ತು. ವೈಸ್, ಸೆನ್ಸಿಬಲ್, ಪ್ರೂಡೆಂಟ್, ಜುಡಿಶಿಯಸ್, ಶ್ರೂಡ್, ಫಾರ್‌ಸೈಟೆಡ್, ಸೇಜ್ ಎಂದು ಬೋರ್ಡಿನ ತುಂಬ ಬರೆದು ನಾನು ಹುಡುಗರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು.

ನಮ್ಮ ಕಡೆ ಇದಕ್ಕೆಲ್ಲ ಶಾಣ್ಯಾ ಎಂಬ ಒಂದೇ ಪದ ಸಾಕು. ತಲೆ ಸವರಿ ಅಂದರೆ ಹೊಗಳಿಕೆ, ಹುಬ್ಬು ಏರಿಸಿ ಅಂದರೆ ಬೈಗುಳ, ಎರಡು ಸಲ ಅಂದರೆ ಕೈ ಮಿಲಾಯಿಸುವುದಕ್ಕೆ ಕರೆದ ಹಾಗೆ. ಗಡಿಯಾಚೆಯ ಮರಾಠಿಯವರಂತೂ ಅತಿ ಶಹಾಣಾ ತ್ಯಾಚಾ ಬೈಲ್ ರಿಕಾಮಾ ಎಂದು, ಅತಿ ಶಾಣ್ಯಾನ ಎತ್ತಿಗೆ ಕೆಲಸವೇ ಸಿಗುವುದಿಲ್ಲವೆಂದು, ಗಾದೆಯನ್ನೇ ಕಟ್ಟಿದ್ದಾರೆ. ಇಂಗ್ಲಿಷರಿಗೆ ದನಿ ಏರಿಸಿ ಇಳಿಸಲು ಬರುತ್ತಿರಲಿಲ್ಲವೆಂದು ಕಾಣುತ್ತದೆ. ಪಾಪ, ಅದಕ್ಕೇ ಏಳು ಪದ ಮಾಡಿಕೊಂಡಿದ್ದಾರೆ.

ಪುಸ್ತಕದ ಉದಾಹರಣೆಗಳೆಲ್ಲ ದೊಡ್ಡ ಕಂಪನಿಗಳ ಚೇರ್ಮನ್ನರವು. ನನ್ನ ವಿದ್ಯಾರ್ಥಿಗಳು ನೋಡಿದವರು ಸಕ್ಕರೆ ಕಾರ್ಖಾನೆಯ ಚೇರ್ಮನ್ನರು, ಅವರನ್ನು ಉದಾಹರಣೆಗೆ ತಂದರೆ ಕ್ಲಾಸಿನಲ್ಲಿ ಎರಡು ಪಾರ್ಟಿ ಆಗುತ್ತದೆ. ಹಾಗಾಗಿ ನಾನು ನನ್ನ ಗಂಡನ ಮನೆಯವರನ್ನೇ ಬೋರ್ಡಿನ ಮೇಲೆ ಹತ್ತಿಸುತ್ತೇನೆ. ನಮ್ಮ ಮನೆಯಿರುವುದು ರಾಯಬಾಗ ರಸ್ತೆಯ ಹಳ್ಳಿಯಲ್ಲಿ, ಇಲ್ಲಿಯ ಮಾತು ಅಲ್ಲಿಗೆ ಮುಟ್ಟುವುದಿಲ್ಲ. ಮುಟ್ಟಿದರೂ ಇಂಗ್ಲಿಷಿನಲ್ಲಿ ಮುಟ್ಟುತ್ತದೆ.

ಮಾವನವರಿಗೆ ಪ್ರೂಡೆಂಟ್, ಅಂದರೆ ಹಿಂದೆ ಮುಂದೆ ನೋಡಿ ಹೆಜ್ಜೆಯಿಡುವವರು ಎಂದು, ಕೊಟ್ಟಿದ್ದೆ. ಅವರು ಜೀವನದಲ್ಲಿ ಯಾವ ಪ್ರಶ್ನೆಗೂ ಹೂಂ ಅಂದವರಲ್ಲ, ಊಹೂಂ ಅಂದವರಲ್ಲ. ನೋಡೂಣು ಅನ್ನುತ್ತಾರೆ. ಊಟಕ್ಕೆ ಏಳ್ರಿ ಎಂದರೂ ನೋಡೂಣು. ನನ್ನ ಗಂಡನಿಗೆ ಸೆನ್ಸಿಬಲ್ ಕೊಟ್ಟಿದ್ದೆ, ಯಾಕೆಂದರೆ ಅವ್ವ ಮತ್ತು ಹೆಂಡತಿ ಒಂದೇ ಕೋಣೆಯಲ್ಲಿದ್ದಾಗ ಅವನಿಗೆ ತಪ್ಪದೆ ಹೊಲದಲ್ಲಿ ಕೆಲಸ ನೆನಪಾಗುತ್ತದೆ. ಉಳಿದವರು ಅತ್ತೆ.

ಅತ್ತೆಗೆ ನನ್ನ ಕ್ಲಾಸಿನ ಮೇಲೆ ಬಹಳ ಆಸಕ್ತಿ. ಸಂಜೆ ನಾನು ಬಸ್ಸಿಳಿದು ಬಂದರೆ ಇವತ್ತು ಏನು ಕಲಿಸಿದೆ ಎಂದು ಕೇಳದೆ ಚಹಾ ಕೊಡುವುದಿಲ್ಲ. ಜಾಣರ ಪದಗಳು ಎಂದು ಹೇಳಿದಾಗ ಅವರು ಸೆರಗು ಸರಿಮಾಡಿಕೊಂಡು, ನನಗೆ ಯಾವುದು ಹೊಂದುತ್ತದೆ ಎಂದು ಕೇಳಿದರು. ಶ್ರೂಡ್, ಅಂದರೆ ಒಳಗಿನ ಲೆಕ್ಕ ಬಲ್ಲವರು, ಎಂದೆ. ಒಳ್ಳೆಯ ಪದವೇ ಎಂದು ವಿಚಾರಿಸಿದರು. ಒಳ್ಳೆಯದೇ, ಆದರೆ ಸಾಮಾನ್ಯವಾಗಿ ಮನುಷ್ಯ ಎದ್ದು ಹೋದ ಮೇಲೆ ಅನ್ನುತ್ತಾರೆ ಎಂದೆ. ಬೆನ್ನ ಹಿಂದೆ ಅನ್ನುವ ಪದಗಳು ತಮಗೆ ಊರಲ್ಲೇ ಬೇಕಾದಷ್ಟಿವೆ, ಅದಕ್ಕೆ ಇಂಗ್ಲಿಷ್ ಯಾಕೆ ಎಂದು ಅತ್ತೆ ಅದನ್ನು ತಿರಸ್ಕರಿಸಿದರು. ಪ್ರೂಡೆಂಟ್ ಎಂಬುದು ಗುಳಿಗೆಯ ಹೆಸರಿನ ಹಾಗಿದೆ, ಅದು ನಿಮ್ಮ ಮಾವನಿಗೇ ಇರಲಿ ಅಂದರು. ಸೇಜ್ ತೀರಾ ಸಣ್ಣದು. ಜುಡಿಶಿಯಸ್ ಮಾತ್ರ ಕೇಳಿದ ಕೂಡಲೇ ಮನಸ್ಸಿಗೆ ಬಂತು. ಅದರಲ್ಲಿ ಕೋರ್ಟು, ಕಚೇರಿ, ಕರೀ ಕೋಟು ಎಲ್ಲ ಇದೆ ಎಂದು ನಾನು ವಿವರಿಸಿದ್ದೂ ತಪ್ಪಾಯಿತು. ಮರುದಿನ ಪಕ್ಕದ ಮನೆಯವಳ ಕೋಳಿ ನಮ್ಮ ಜೋಳಕ್ಕೆ ಬಾಯಿ ಹಾಕಿದಾಗ ಅತ್ತೆ ಆ ಪದ ಹೇಳಿಯೇ ತೀರ್ಪು ಕೊಟ್ಟರು, ಪಕ್ಕದವಳು ಅದನ್ನು ಬೈಗುಳವೆಂದು ತಿಳಿದು ವಾರಗಟ್ಟಲೆ ಮಾತು ಬಿಟ್ಟಳು.

ಇಂಥ ಅತ್ತೆಯ ಕೈಯಲ್ಲಿ ಒಂದು ಎಮ್ಮೆಯಿತ್ತು. ಪಂಢರಪುರಿ ತಳಿ, ಕೊಂಬುಗಳು ಹಿಂದಕ್ಕೆ ಚಾಚಿ ಬೆನ್ನಿನ ತನಕ ಬರುತ್ತವೆ. ಅತ್ತೆಯ ಹೊರತು ಇನ್ನೊಬ್ಬರು ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತದೆ. ನನ್ನನ್ನು ಒದ್ದಿದೆ, ನನ್ನ ಗಂಡನನ್ನು ಒದ್ದಿದೆ, ಮಾವನವರು ನೋಡೂಣು ಎಂದು ದೂರ ನಿಂತಾಗ ಬಾಲದಿಂದ ಬಾರಿಸಿದೆ. ಆ ಎಮ್ಮೆಯ ಹಾಲು ಡೈರಿಗೆ ಹೋಗುತ್ತಿತ್ತು, ಅದರ ದುಡ್ಡು ಅತ್ತೆಯ ಸೆರಗಿನ ಗಂಟಿಗೆ ಬರುತ್ತಿತ್ತು. ಮನೆಯ ಕಬ್ಬು, ಕಬ್ಬಿನ ಬಿಲ್ಲು, ಬಾವಿ, ಎಲ್ಲ ಗಂಡಸರ ಹೆಸರಿನಲ್ಲಿ. ಎಮ್ಮೆ ಒಂದೇ ಅತ್ತೆಯದು. ಅದು ಬಂದ ಮೇಲೆಯೇ ಅವರು ತಮಗೆ ಬೇಕಾದ ಮೊಬೈಲು ತಾವೇ ಹೋಗಿ ಕೊಂಡದ್ದು, ಅಥಣಿಯ ಗೆಳತಿಯನ್ನು ನೋಡಬೇಕು ಅನ್ನಿಸಿದರೆ ಯಾರನ್ನೂ ಕೇಳದೆ ಹೋಗಿ ಬರತೊಡಗಿದ್ದು. ಅದರ ಮೊದಲು ತಲೆನೋವಿನ ಗುಳಿಗೆಗೂ ಅವರು ಮಾವನವರ ಮುಂದೆ ನಿಂತು ನೋಡೂಣು ಕೇಳಿಸಿಕೊಳ್ಳಬೇಕಿತ್ತು.

ಇನ್ನು ಕೊಗನೊಳ್ಳಿ ಮಾಮಾನ ವಿಷಯ ಹೇಳಬೇಕು. ಅವರು ಅತ್ತೆಯ ಅಣ್ಣ. ಕೆಟ್ಟ ಮನುಷ್ಯ ಖಂಡಿತ ಅಲ್ಲ. ಬರುವಾಗ ಬಾಳೆಹಣ್ಣಿನ ಗೊನೆಯನ್ನೇ ಹೆಗಲ ಮೇಲೆ ಹೊತ್ತು ತರುತ್ತಾರೆ, ನಕ್ಕರೆ ಓಣಿಯ ತುದಿಗೆ ಕೇಳಿಸುತ್ತದೆ, ಅತ್ತೆಗೆ ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ಜಮಖಾನೆ ಹಾಸಿ ಮಲಗಿ ಎದ್ದವರು ಅವರೇ. ಆದರೆ ಅವರಿಗೆ ಒಂದು ಚಾಳಿ ಇತ್ತು. ಅವರು ಏನನ್ನೂ ಕೇಳುತ್ತಿರಲಿಲ್ಲ, ಬರಿ ಹೊಗಳುತ್ತಿದ್ದರು. ನೀರು ಕುಡಿಯುವಾಗ ಒಮ್ಮೆ, ಚಹಾ ಕುಡಿಯುವಾಗ ಒಮ್ಮೆ, ಚಪ್ಪಲಿ ಮೆಟ್ಟುವಾಗ ಇನ್ನೊಮ್ಮೆ ಹೊಗಳಿದರೆ ಆ ವಸ್ತುವಿನ ಋಣ ನಮ್ಮ ಮನೆಯಲ್ಲಿ ಮುಗಿಯಿತು. ಹಾಗೆ ತಾಮ್ರದ ಹಂಡೆ ಹೋಯಿತು, ಹೊಲಿಗೆ ಮಷೀನು ಹೋಯಿತು, ಹಿತ್ತಲಿನ ಚಿಕ್ಕು ಸಸಿ ಬೇರಿನ ಮಣ್ಣು ಸಹಿತ ಹೋಯಿತು. ನನ್ನ ತವರಿನವರು ಕೊಟ್ಟ ಮಿಕ್ಸರಿನ ಕಡೆ ತಿರುಗಿ ಅವರು ಬಾಯಿ ತೆರೆದಾಗ ನಾನು ಅದನ್ನು ಖಾಲಿಯೇ ಚಾಲೂ ಮಾಡಿಬಿಟ್ಟೆ. ಆ ಗದ್ದಲದಲ್ಲಿ ಹೊಗಳಿಕೆ ಯಾರಿಗೂ ಕೇಳಿಸಲಿಲ್ಲ, ಮಿಕ್ಸರು ಉಳಿಯಿತು.

ಅತ್ತೆ ಯಾಕೆ ಕೊಡುತ್ತಿದ್ದರು ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಇಲ್ಲ ಅನ್ನುವುದಿಲ್ಲ. ಅಪ್ಪನ ಹೊಲದ ಪಾಲನ್ನು ಅಣ್ಣಂದಿರಿಗೆ ಬಿಟ್ಟು ಸಹಿ ಮಾಡಿ ಬರುತ್ತಾರೆ, ಅಣ್ಣ ವರ್ಷಕ್ಕೊಮ್ಮೆ ದೀಪಾವಳಿಯಲ್ಲಿ ತಂಗಿ ಆರತಿ ಎತ್ತುವ ಭಾವುಬೀಜಕ್ಕೆ ಸೀರೆ ತರುತ್ತಾನೆ, ಲೆಕ್ಕ ಸರಿಹೋಯಿತು ಎಂದು ಎಲ್ಲರೂ ನಂಬಿರುತ್ತಾರೆ. ತವರಿಗೆ ಇಲ್ಲ ಅಂದರೆ ತವರೇ ಇಲ್ಲ ಅಂದ ಹಾಗೆ ಎಂಬುದು ಅತ್ತೆಯ ಮಾತು. ಮಷೀನು ಟೆಂಪೋ ಏರಿದಾಗಲೂ ಅವರು ನಗುತ್ತ ಕೈ ಬೀಸಿದ್ದನ್ನು ನಾನು ನೋಡಿದ್ದೇನೆ. ಒಳಗೆ ಬಂದು ಈರುಳ್ಳಿ ಹೆಚ್ಚುತ್ತ ಕಣ್ಣೊರೆಸಿಕೊಂಡದ್ದನ್ನೂ ನೋಡಿದ್ದೇನೆ. ಅವತ್ತು ಅಡುಗೆಗೆ ಈರುಳ್ಳಿ ಬೇಕಾಗಿರಲಿಲ್ಲ.

ಆ ಸಲ ಮಾಮಾ ಬಂದವರು ನೀರು ಕುಡಿಯುತ್ತ ಎಮ್ಮಿ ಭಾರೀ ಐತಿ ಎಂದರು. ಅತ್ತೆಯ ಮುಖ ಬಿಳಿಚಿತು. ಚಹಾದ ಜೊತೆ ಕೊಂಬು ನೋಡ್ರಿ ಹೆಂಗದಾವ ಎಂದರು. ನಾನು ಮಿಕ್ಸರಿನ ಸ್ವಿಚ್ಚಿನ ಕಡೆ ಓಡಿದೆ, ಕರೆಂಟು ಇರಲಿಲ್ಲ. ಚಪ್ಪಲಿಗೆ ಕಾಲು ಹಾಕುವಾಗ ಮಾಮಾ ಮೂರನೆಯದನ್ನೂ ಹೇಳಿದರು. ಇಂಥದೊಂದು ತಮ್ಮ ಕೊಟ್ಟಿಗೆಯಲ್ಲಿದ್ದರೆ ಮೊಮ್ಮಕ್ಕಳು ಹಾಲು ಕುಡಿದು ಗಟ್ಟಿಯಾಗುತ್ತಿದ್ದವು, ಈಗಿರುವ ಎಮ್ಮೆಯ ಹಾಲು ಬತ್ತಿದೆ ಎಂದರು.

ಮಾವನವರು ನೋಡೂಣು ಅನ್ನುತ್ತಾರೆ ಎಂದು ನಾನು ಎದುರು ನೋಡಿದೆ, ಆದರೆ ಬೀಗತನದ ಮರ್ಯಾದೆಯೋ ಏನೋ, ಅವರು ಅವತ್ತು ಒಯ್ಯಿರಲ್ಲ ಅದಕ್ಕೇನಂತ ಎಂದುಬಿಟ್ಟರು. ಜೀವಮಾನದಲ್ಲಿ ಒಮ್ಮೆ ಖಚಿತವಾಗಿ ಮಾತಾಡಿದ್ದು ಅದೂ ಇನ್ನೊಬ್ಬರ ಎಮ್ಮೆಯ ಮೇಲೆ. ನನ್ನ ಗಂಡನಿಗೆ ಹೊಲದಲ್ಲಿ ಕೆಲಸ ನೆನಪಾಯಿತು. ಆಗ ಅತ್ತೆ, ಮೂಕಪ್ರಾಣಿಯ ವಿಷಯ, ಊರ ದೇವರನ್ನು ಒಂದು ಮಾತು ಕೇಳಿಬಿಡೋಣ ಎಂದರು. ಮಾಮಾ ಕೈ ಮುಗಿದು ಒಪ್ಪಿಕೊಂಡರು. ಎರಡು ದಿನ ಬಿಟ್ಟು ಮುಂಜಾನೆ ಬರುವುದೆಂದು ಮಾತಾಯಿತು.

ದೇವರನ್ನು ಕೇಳುವುದಕ್ಕೆ ನಮ್ಮಲ್ಲಿ ಕೌಲು ಹಚ್ಚುವುದು ಎನ್ನುತ್ತಾರೆ. ಹೂವಿನ ಎರಡು ಎಸಳುಗಳನ್ನು ನೀರಿನಲ್ಲಿ ಅದ್ದಿ ಮೂರ್ತಿಯ ಎದೆಗೆ ಅಂಟಿಸುತ್ತಾರೆ. ನಮ್ಮೂರಲ್ಲಿ ಬಲಕ್ಕೆ ಕೆಂಪು ಕಣಗಿಲೆ, ಎಡಕ್ಕೆ ಬಿಳಿ. ಪ್ರಶ್ನೆ ಕೇಳಿ ಕಾಯಬೇಕು. ಕೆಂಪು ಮೊದಲು ಬಿದ್ದರೆ ಆಗಲಿ ಎಂದರ್ಥ, ಬಿಳಿ ಮೊದಲು ಬಿದ್ದರೆ ಬೇಡ. ಒಂದು ಎಸಳು ಬಿದ್ದ ಮೇಲೆ ಅದರ ಮೇಲೆ ಅಪೀಲಿಲ್ಲ. ಮನುಷ್ಯರು ಬೇಡ ಅಂದರೆ ಸಂಬಂಧ ಕೆಡುತ್ತದೆ, ದೇವರು ಅಂದರೆ ಯಾರಿಗೂ ಸಿಟ್ಟಿಲ್ಲ. ನಮ್ಮ ಹಿರಿಯರು ಇದನ್ನು ಕಂಡುಹಿಡಿದದ್ದಕ್ಕೆ ಫಾರ್‌ಸೈಟೆಡ್ ಎಂಬ ಪದ ಕೊಡಬೇಕು ಎಂದು ನನಗೆ ಅನ್ನಿಸಿತು.

ಆ ಮುಂಜಾನೆ ಗುಡಿಗೆ ಒಯ್ಯುವ ಎಸಳುಗಳನ್ನು ತಟ್ಟೆಯಲ್ಲಿಟ್ಟು ಮನೆಯ ದೇವರ ಜಗುಲಿಯ ಮೇಲೆ ಇಟ್ಟಿದ್ದರು. ನಾನು ಅಂಗಳ ಗುಡಿಸುತ್ತ ಬಾಗಿಲಿನಿಂದ ಇಣುಕಿದೆ. ಅತ್ತೆ ತಟ್ಟೆಯ ಮುಂದೆ ನಿಂತು ಬಿಳಿ ಎಸಳಿನ ಬೆನ್ನಿಗೆ ಬೆರಳಿನಿಂದ ಏನನ್ನೋ ಸವರುತ್ತಿದ್ದರು. ಬಹಳ ಭಕ್ತಿಯಿಂದ ಸವರುತ್ತಿದ್ದರು. ಅವರು ಬಚ್ಚಲಿಗೆ ಹೋದ ಮೇಲೆ ನಾನು ಹೋಗಿ ನೋಡಿದರೆ ಬೆಣ್ಣೆ. ಅದೇ ಎಮ್ಮೆಯ ಬೆಣ್ಣೆ. ಬಿಳಿ ಜಾರಿ ಬಿದ್ದರೆ ಎಮ್ಮೆ ಉಳಿಯುತ್ತದೆ. ಇಂಥ ಕೆಲಸಕ್ಕೆ ಕೈಜೋಡಿಸದಿದ್ದರೆ ಸೊಸೆಯಾಗಿ ಏನು ಪ್ರಯೋಜನ ಎಂದು ನಾನು ಅಡುಗೆಮನೆಯಿಂದ ಒಂದು ಚೂರು ಬೆಲ್ಲ ತಂದು ನೀರು ಮಾಡಿ, ಕೆಂಪು ಎಸಳಿಗೆ ಹಚ್ಚಲು ಅದನ್ನು ಎತ್ತಿದೆ. ಅದು ನನ್ನ ಬೆರಳಿಗೆ ಅಂಟಿಕೊಂಡಿತು. ಯಾರೋ ಆಗಲೇ ಬಂದು ಹೋಗಿದ್ದರು. ಮೂಸಿದೆ, ಜೇನುತುಪ್ಪದ ವಾಸನೆ. ನಮ್ಮ ಮನೆಯಲ್ಲಿ ಕೆಮ್ಮಿಗೆ ಜೇನು ನೆಕ್ಕುವವರು ಮಾವನವರೊಬ್ಬರೇ. ಪ್ರೂಡೆಂಟ್ ಎಂಬ ಪದ ಎಷ್ಟು ಸರಿಯಾದವರಿಗೆ ಬಿದ್ದಿದೆ ಎಂದು ನನಗೆ ಹೆಮ್ಮೆಯಾಯಿತು. ಜೇನಿನ ಮೇಲೆ ನನ್ನ ಬೆಲ್ಲವನ್ನೂ ಹಚ್ಚಿ ತಟ್ಟೆ ಮುಚ್ಚಿದೆ.

ಗುಡಿಗೆ ಹೋದರೆ ನನ್ನ ಗಂಡ ನಮಗಿಂತ ಮೊದಲೇ ಬಂದು, ಯಾರೋ ಹರಕೆಗೆ ಕೊಟ್ಟ ನಿಲ್ಲುವ ಫ್ಯಾನನ್ನು ಮೂರ್ತಿಯ ಎಡಗಡೆಗೆ ತಿರುಗಿಸಿ ಹಚ್ಚಿದ್ದ. ಬಹಳ ಸೆಕೆ ಎಂದ. ದೀಪಾವಳಿ ಮುಂಚಿನ ಚಳಿಗೆ ಪೂಜಾರಿ ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದರು.

ಮಾಮಾ ಬಂದರು, ನಮಸ್ಕಾರ ಹಾಕಿದರು. ಪೂಜಾರಿ ಕೆಂಪು ಎಸಳನ್ನು ಬಲಕ್ಕೆ ಅಂಟಿಸಿದರು, ಅದು ಕಲ್ಲಿನೊಳಗಿಂದಲೇ ಹುಟ್ಟಿದ ಹಾಗೆ ಕೂತಿತು. ಬಿಳಿಯದನ್ನು ಎಡಕ್ಕೆ ಅಂಟಿಸಿ ಕೈ ತೆಗೆದರು. ಪ್ರಶ್ನೆ ಕೇಳಬೇಕೆಂದು ಮಾವನವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬಿಳಿ ಎಸಳು ದೇವರ ಹೊಟ್ಟೆಯ ಮೇಲಿಂದ ಜಾರಿ ಪಾದ ಸೇರಿತು. ಇವತ್ತು ದೇವರು ಅವಸರದಲ್ಲಿದ್ದಾನೆ ಎಂದು ಪೂಜಾರಿ ಅದನ್ನು ಮತ್ತೆ ನೀರಿಗೆ ಅದ್ದಿದರು. ನೀರಿಗೆ ಬೆಣ್ಣೆ ಹೋಗುತ್ತದೆಯೇ. ಎರಡನೆಯ ಸಲ ಮಾವನವರು ರೈಲ್ವೆ ಸ್ಟೇಷನ್ನಿನ ಮೈಕಿನಲ್ಲಿ ಹೆಂಗಸು ಗಾಡಿಯ ಹೆಸರು ಕೂಗುವ ವೇಗದಲ್ಲಿ, ಎಮ್ಮೆಯನ್ನು ಕೊಗನೊಳ್ಳಿಗೆ ಕೊಡಬೇಕೇನಪ್ಪಾ ಎಂದು ಒಂದೇ ಉಸಿರಿಗೆ ಕೇಳಿದರು. ಕೊನೆಯ ಅಕ್ಷರಕ್ಕೆ ಸರಿಯಾಗಿ ಬಿಳಿ ಬಿತ್ತು.

ದೇವರು ಬೇಡ ಅಂದ. ನಾವೆಲ್ಲ ದುಃಖದ ಮುಖ ಮಾಡಿದೆವು. ನನ್ನದು ಅಷ್ಟು ಚೆನ್ನಾಗಿ ಬರಲಿಲ್ಲವೆಂದು ಸೆರಗು ಅಡ್ಡ ಹಿಡಿದೆ. ಅತ್ತೆಯ ಮುಖದಲ್ಲಿ ಮಾತ್ರ ಬಣ್ಣ ಮರಳಿ ಬಂದಿತ್ತು.

ಮಾಮಾ ದೇವರಿಗೆ ಕೈ ಮುಗಿದರು. ಆಮೇಲೆ ಮೂರ್ತಿಯನ್ನು, ಫ್ಯಾನನ್ನು, ನಮ್ಮನ್ನು ಒಂದು ಸುತ್ತು ನೋಡಿ, ಎಸಳನ್ನು ಇನ್ನೊಮ್ಮೆ ಹಚ್ಚಲು ಪೂಜಾರಿಗೆ ಹೇಳಿದರು. ತಮ್ಮದೂ ಒಂದು ಪ್ರಶ್ನೆಯಿದೆ ಎಂದರು. ಬೇಡ ಅನ್ನಲು ಯಾರಿಗೂ ಕಾರಣ ಸಿಗಲಿಲ್ಲ. ಅವರು ಕಣ್ಣು ಮುಚ್ಚಿ ನಿಧಾನವಾಗಿ ಕೇಳಿದರು.

"ಎಮ್ಮಿ ನಮ್ಮ ತಂಗಿ ಮನ್ಯಾಗ ಇರಲೇನಪಾ, ದೇವರ?"

ಬಿಳಿ ಬಿತ್ತು.

ನನ್ನ ಏಳೂ ಪದಗಳು ಒಮ್ಮೆಗೇ ಒಣಗಿದವು. ಬಿಳಿಗೆ ಬೆಣ್ಣೆ, ಕೆಂಪಿಗೆ ಜೇನು, ಬೆಲ್ಲ, ಮೇಲೆ ಫ್ಯಾನು. ನಾವು ದೇವರಿಗೆ ಒಂದೇ ಉತ್ತರ ಕಲಿಸಿಟ್ಟಿದ್ದೆವು. ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಅದೇ ಉತ್ತರ ನಮ್ಮ ಕೊರಳಿಗೆ ಬರುತ್ತದೆ ಎಂದು ಇಷ್ಟು ಮಂದಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಕೊಡುವುದೂ ಬೇಡ, ಇರುವುದೂ ಬೇಡ ಅಂದರೆ ದೇವರಿಗೇ ಬೇಕಾಗಿರಬಹುದು ಎಂದು ಪೂಜಾರಿ ಮೆತ್ತಗೆ ಸೂಚಿಸಿದರು. ಅವರ ಮಾತಿಗೆ ಯಾರೂ ಕಿವಿಗೊಡಲಿಲ್ಲ.

ಮಾಮಾ ಬಗ್ಗಿ ಬಿಳಿ ಎಸಳನ್ನು ಎತ್ತಿಕೊಂಡರು. ಹೆಬ್ಬೆರಳಿನಿಂದ ಉಜ್ಜಿದರು. ಮೂಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು ಎನ್ನುತ್ತಾರಲ್ಲ, ಮಾವನವರು ಬೆರಳನ್ನು ಧೋತರಕ್ಕೆ ಒರೆಸಿಕೊಂಡರು, ನನ್ನ ಗಂಡ ಹೋಗಿ ಫ್ಯಾನು ಆರಿಸಿದ, ನಾನು ಕೈಯನ್ನು ಬೆನ್ನ ಹಿಂದೆ ಒಯ್ದೆ. ಮಾಮಾನಿಗೆ ಎಲ್ಲ ಅರ್ಥವಾಯಿತು.

"ಬೆಣ್ಣಿ ಭಾಳ ಚಲೋ ಐತಿ, ತಂಗಿ. ಬೆಣ್ಣಿ ನಿಮ್ದು, ಉತ್ತರ ದೇವರ್ದು. ಇಲ್ಲಿ ಇರಬ್ಯಾಡ ಅಂದಾನ. ಸಂಜೀಕ ಟೆಂಪೋ ಕಳಸ್ತೇನಿ."

ಹೇಳಿ ಅವರು ನಕ್ಕರು. ಅಂಗಳದ ತನಕ ಕೇಳಿಸುವ ನಗು. ಶ್ರೂಡ್ ಎಂಬ ಪದ ಇಷ್ಟು ದಿನ ಯಾರಿಗಾಗಿ ಕಾದು ಕುಳಿತಿತ್ತು ಎಂದು ನನಗೆ ಆಗ ತಿಳಿಯಿತು. ಮಾವನವರ ಕಡೆ ನೋಡಿದೆ, ಅವರು ನೋಡೂಣು ಎನ್ನಲು ಬಾಯಿ ತೆರೆದು ಮುಚ್ಚಿದರು. ನನ್ನ ಗಂಡ ಬಾಗಿಲಿನ ಕಡೆ, ಅಂದರೆ ಹೊಲದ ಕಡೆ, ನೋಡುತ್ತಿದ್ದ. ನನಗೆ ಏನಾದರೂ ಅನ್ನಬೇಕೆಂದು ಅನ್ನಿಸಿತು, ಆದರೆ ಅಣ್ಣ ತಂಗಿಯ ನಡುವೆ ಸೊಸೆ ಬಾಯಿ ಹಾಕಿದರೆ ನ್ಯಾಯದ ಜಾಗದಲ್ಲಿ ಜಗಳ ಹುಟ್ಟುತ್ತದೆ. ಅತ್ತೆ ಇನ್ನೇನು ನಕ್ಕು ಕೈ ಬೀಸುತ್ತಾರೆ ಎಂದುಕೊಂಡೆ.

ಅತ್ತೆ ನಗಲಿಲ್ಲ.

"ಅಣ್ಣಾ, ಎಮ್ಮಿ ಕೊಡಂಗಿಲ್ಲ."

ದೇವರೇ ಹೇಳಿದ್ದಾನಲ್ಲ ಎಂದರು ಮಾಮಾ, ಇನ್ನೂ ನಗುತ್ತಲೇ.

"ದೇವರ್ನ ಬಿಡು. ನಾ ಹೇಳಾಕತ್ತೇನಿ. ಅದು ನನ್ನದು, ನನಗ ಬೇಕು."

ಅತ್ತೆ ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಮಾಮಾನ ನಗು ಅರ್ಧಕ್ಕೆ ನಿಂತಿತು. ನನಗೆ ಇಲ್ಲ ಅನ್ನುತ್ತೀಯಾ ಎಂದು ಕೇಳಿದರು. ಹೌದು ಎಂದರು ಅತ್ತೆ. ಮಾಮಾ ಹೋಗಿ ಗುಡಿಯ ಮೆಟ್ಟಿಲ ಮೇಲೆ ಕೂತರು. ಅಷ್ಟು ದೊಡ್ಡ ಮನುಷ್ಯ ಅಷ್ಟು ಸಣ್ಣಗೆ ಕೂತದ್ದನ್ನು ನಾನು ಹಿಂದೆ ನೋಡಿರಲಿಲ್ಲ. ನೆಲ ನೋಡುತ್ತಲೇ ಅವರು ಮಾತಾಡಿದರು.

"ಕೊಟ್ಟಾಗೆಲ್ಲಾ ನಕ್ಕೋತ ಕೊಟ್ಟಿ. ಖುಷಿಲೇ ಕೊಡ್ತಾಳ ಅಂತ ತಿಳಕೊಂಡಿನಿ ನಾ. ಹೊಲಿಗಿ ಮಷೀನ್ ಒಯ್ದಾಗ ಒಂದ ಮಾತು ಅಂದಿದ್ರ ಆಗ್ತಿತ್ತಲ್ಲ."

ಮಾಮಾ ಎದ್ದು, ಬಿಳಿ ಎಸಳನ್ನು ದೇವರ ಪಾದದ ಹತ್ತಿರ ಇಟ್ಟು, ಮೋಟರ್ ಸೈಕಲ್ ಹತ್ತಿ ಹೋದರು. ಮನೆಯಲ್ಲಿ ಅವರಿಗೆಂದು ಮಾಡಿದ ಹೋಳಿಗೆ ಇತ್ತು. ತಿನ್ನದೆ ಹೋದರು.

ಅವತ್ತು ಸಂಜೆ ಅತ್ತೆ ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ ಹಾಲು ಹಿಂಡುತ್ತ ಅಳುತ್ತಿದ್ದರು. ನಾನು ಒದೆತ ಬೀಳದಷ್ಟು ದೂರದಲ್ಲಿ ಕೂತೆ. ಎಮ್ಮೆ ಉಳಿಯಿತಲ್ಲ ಅತ್ತೀ ಎಂದೆ. ಎಮ್ಮೆ ಉಳಿಯಿತು, ಅಣ್ಣ ಉಳಿದನೋ ಇಲ್ಲವೋ ಎಂದರು. ಈ ಭಾವುಬೀಜಕ್ಕೆ ಅವನು ಬರುವುದಿಲ್ಲ, ನೋಡುತ್ತಿರು ಎಂದರು. ಹಬ್ಬ ಹತ್ತಿರವೇ ಇತ್ತು. ಸೀರೆ ಬೇಡ, ಬಾಳೆಹಣ್ಣು ಬೇಡ, ಅವನ ನಗು ಓಣಿಯಲ್ಲಿ ಕೇಳಿಸದಿದ್ದರೆ ತನಗೆ ಹಬ್ಬವೇ ಇಲ್ಲ ಎಂದರು. ಪರೀಕ್ಷೆಗೆ ಬೇಕಾದ ಪದಗಳಲ್ಲಿ ಸಮಾಧಾನಕ್ಕೆ ಹೊಂದುವಂಥದು ಯಾವುದೂ ಇರಲಿಲ್ಲ.

ಮುಂದಿನ ಕ್ಲಾಸಿನಲ್ಲಿ ನಾನು ಹೆಸರು ಊರು ಬಿಟ್ಟು ಇಡೀ ಕಥೆಯನ್ನು ಹೇಳಿ, ಯಾರಿಗೆ ಯಾವ ಪದ ಎಂದು ಕೇಳಿದೆ. ಕ್ಲಾಸಿನಲ್ಲಿ ಅಷ್ಟು ಗದ್ದಲ ಎಂದೂ ಆಗಿರಲಿಲ್ಲ. ಅಣ್ಣ ಶ್ರೂಡ್ ಎಂಬುದಕ್ಕೆ ಎಲ್ಲರ ಒಪ್ಪಿಗೆಯಿತ್ತು. ಜೇನು ಹಚ್ಚಿದವನು ಪ್ರೂಡೆಂಟ್ ಅಲ್ಲ, ಅಂಜುಬುರುಕ, ಆ ಪದ ಬೇರೆ ಪಾಠದಲ್ಲಿದೆ ಎಂದು ಕುಡಚಿಯಿಂದ ರೈಲಿಗೆ ಬಂದುಹೋಗುವ ಹುಡುಗಿಯೊಬ್ಬಳು ವಾದಿಸಿದಳು. ಇಬ್ಬರಿಗೂ ಬೇಡ ಅಂದದ್ದರಿಂದ ಜುಡಿಶಿಯಸ್ ಅಂದರೆ ದೇವರೊಬ್ಬನೇ ಎಂದ ಪೊಲೀಸ್ ಪರೀಕ್ಷೆಯವನು. ಬೆಲ್ಲ ಹಚ್ಚಿದ ಸೊಸೆಗೆ ಯಾವುದು ಎಂದು ನಾನೇ ಕೇಳಿದೆ. ಅವಳದು ಅಧಿಕಪ್ರಸಂಗ, ಅದಕ್ಕೆ ಇಂಗ್ಲಿಷ್ ಬೇಕಾಗಿಲ್ಲ ಎಂದು ಯಾರೋ ಹಿಂದಿನಿಂದ ಅಂದರು. ನಾನು ಬೋರ್ಡು ಒರೆಸಿದೆ.

ಭಾವುಬೀಜದ ದಿನ ಅತ್ತೆ ಮುಂಜಾನೆಯಿಂದ ಏನೇನೋ ನೆಪ ಮಾಡಿ ಹೊಸ್ತಿಲಿಗೆ ಬಂದು ಹೋದರು. ರಂಗೋಲಿ ಸರಿಮಾಡಿದರು, ಇಲ್ಲದ ಕಸ ಗುಡಿಸಿದರು. ಆರತಿ ತಟ್ಟೆ ಸಿದ್ಧ ಮಾಡಿ ಮುಚ್ಚಿಟ್ಟು, ಯಾರಿಗಾಗಿ ಎಂದು ಯಾರೂ ಕೇಳದಿದ್ದರೂ ಸುಮ್ಮನೆ ಮಾಡಿದೆ ಎಂದರು. ಮಧ್ಯಾಹ್ನದ ಹೊತ್ತಿಗೆ ಮೋಟರ್ ಸೈಕಲ್ ಸದ್ದಾಯಿತು. ಮಾಮಾ ಬಂದರು. ನಗು ಕೇಳಿಸಲಿಲ್ಲ.

ಆರತಿಯಾಯಿತು, ಸೀರೆ ಕೊಟ್ಟರು, ಪಡಸಾಲೆಯಲ್ಲಿ ಕೂತರು. ಹೊಸದಾಗಿ ಬಣ್ಣ ಹಚ್ಚಿದ ಗೋಡೆಯ ಕಡೆ ನೋಡಲಿಲ್ಲ, ಕೊಟ್ಟಿಗೆಯ ಕಡೆಗಂತೂ ಬೆನ್ನು ಮಾಡಿಯೇ ಕೂತಿದ್ದರು. ನೀರು ಕುಡಿದು ಲೋಟ ಇಟ್ಟರು, ಒಂದು ಮಾತಿಲ್ಲ. ಮಾವನವರು ಮಳೆಯ ವಿಷಯ ತೆಗೆದರು, ಮಾಮಾ ಬರಿ ಹೂಂ ಅಂದರು. ನನ್ನ ಗಂಡ ಎದ್ದು ಹೊಲಕ್ಕೆ ಹೋಗುವವನು ನಾನು ಕಣ್ಣು ಬಿಟ್ಟದ್ದಕ್ಕೆ ಮತ್ತೆ ಕೂತ. ಅತ್ತೆ ಎಮ್ಮೆಯ ಹಾಲಿನಲ್ಲಿ ಶುಂಠಿ ಹಾಕಿ ಕುದಿಸಿದ ಚಹಾ ತಂದು ಕೊಟ್ಟು, ಎದುರಿಗೇ ನೆಲದ ಮೇಲೆ ಕೂತರು. ಮಾಮಾ ಒಂದು ಗುಟುಕು ಕುಡಿದರು. ಅವರ ಮುಖ 'ಆಹಾ' ಎಂದಿತು, ಬಾಯಿ ಏನೂ ಅನ್ನಲಿಲ್ಲ. ಎರಡನೆಯ ಗುಟುಕಿಗೂ ಅಷ್ಟೇ. ತುಟಿ ಬಿಗಿಹಿಡಿದು ನೆಲ ನೋಡುತ್ತ ಕೂತರು.

ಅತ್ತೆ ಮುಂದಕ್ಕೆ ಸರಿದರು.

"ಹೆಂಗೈತಿ ಅಂತ ಹೇಳೋ ಅಣ್ಣಾ. ಅಂಜಬ್ಯಾಡ, ಕೊಡಂಗಿಲ್ಲ."

ಮಾಮಾ ಚಹಾ ಕೆಳಗಿಟ್ಟು ತಂಗಿಯ ಮುಖ ನೋಡಿದರು. ಆಮೇಲೆ ಅವರು ನಕ್ಕದ್ದು ಓಣಿಯ ತುದಿಗೆ ಕೇಳಿಸಿತು.